ಕಪ್ಪು-ಬಿಳುಪು ಫಿಲ್ಮಿಗೆ ಮೊದಲ ಡೆವಲಪರ್: ಡಿ-76 ಸಾಕೇ, ಬೇರೆ ಏನಾದರೂ ಬೇಕೇ?

ಮಂದಬೆಳಕು

ಎಲ್ಲರಿಗೂ ನಮಸ್ಕಾರ. ಇದುವರೆಗೆ ಲ್ಯಾಬಿಗೆ ಕೊಟ್ಟು ಫಿಲ್ಮ್ ತೊಳೆಸುತ್ತಿದ್ದೆ. ಇನ್ನು ಮುಂದೆ ಮನೆಯಲ್ಲೇ ಡೆವಲಪ್ ಮಾಡಬೇಕೆಂದು ನಿಶ್ಚಯಿಸಿದ್ದೇನೆ. ಟ್ಯಾಂಕ್, ರೀಲ್, ಥರ್ಮಾಮೀಟರ್, ಫಿಕ್ಸರ್ (ಮೂಡಿದ ಚಿತ್ರವನ್ನು ಸ್ಥಿರಗೊಳಿಸುವ ದ್ರಾವಣ) ಎಲ್ಲ ಕೈಸೇರಿವೆ. ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಮೂಡಿಸುವ ರಾಸಾಯನಿಕ ದ್ರಾವಣ, ಒಂದೇ ಬಾಕಿ. ಕೇಳಿದವರೆಲ್ಲ ಒಂದೊಂದು ಹೆಸರು ಹೇಳುತ್ತಿದ್ದಾರೆ: ಡಿ-76, ಐಡಿ-11, ರೊಡಿನಾಲ್, ಎಚ್‌ಸಿ-110, ಎಕ್ಸ್‌ಟಾಲ್. ಪ್ರತಿಯೊಬ್ಬರೂ ತಮ್ಮದೇ ಶ್ರೇಷ್ಠ ಎನ್ನುತ್ತಾರೆ, ಏಕೆ ಎಂದು ಮಾತ್ರ ಬಿಡಿಸಿ ಹೇಳುವುದಿಲ್ಲ.

ನಾನು ಬಳಸುವುದು ಇಲ್ಫೋರ್ಡ್‌ನ 35 ಮಿ.ಮೀ. ಕಪ್ಪು-ಬಿಳುಪು ಫಿಲ್ಮ್, ಎಚ್‌ಪಿ5 ಪ್ಲಸ್. ತಿಂಗಳಿಗೆ ಒಂದು ರೋಲ್, ಅಪರೂಪಕ್ಕೆ ಎರಡು. ತೆಗೆಯುವುದು ಹೆಚ್ಚಾಗಿ ಮುಖಚಿತ್ರಗಳು, ಕಿಟಕಿಯ ಬೆಳಕಿನಲ್ಲಿ. ಸದ್ಯಕ್ಕೆ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡುತ್ತೇನೆ. ಮುಂದೆ ಎನ್‌ಲಾರ್ಜರ್‌ನಲ್ಲಿ (ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಮೂಡಿಸುವ ಯಂತ್ರ) ಪ್ರಿಂಟ್ ಮಾಡುವ ಆಸೆಯಿದೆ. ನಲ್ಲಿ ನೀರು ಬಹುತೇಕ 28 ಡಿಗ್ರಿ ಇರುತ್ತದೆ. ಇಷ್ಟನ್ನು ಗಮನದಲ್ಲಿಟ್ಟುಕೊಂಡು ದಯವಿಟ್ಟು ಸಲಹೆ ಕೊಡಿ. ಕಾರಣ ಸಹಿತ ಹೇಳಿದರೆ ತುಂಬಾ ಉಪಕಾರವಾಗುತ್ತದೆ.

ಬೆಳ್ಳಿಹರಳು

ಕಾರಣ ಕೇಳಿದ್ದೀರಿ, ಅದಕ್ಕೇ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಡಿ-76 ತೆಗೆದುಕೊಳ್ಳಿ. ಅದು ಸಿಗದಿದ್ದರೆ ಐಡಿ-11. ಮೊದಲನೆಯದು ಕೊಡಾಕ್‌ನದು, ಎರಡನೆಯದು ಇಲ್ಫೋರ್ಡ್‌ನದು. ಸೂತ್ರ ಬಹುತೇಕ ಒಂದೇ. 1920ರ ದಶಕದಲ್ಲಿ ಕೊಡಾಕ್ ಸಂಶೋಧನಾಲಯದ ಜಾನ್ ಕ್ಯಾಪ್‌ಸ್ಟಾಫ್ ಇದನ್ನು ರೂಪಿಸಿದ್ದು ಚಲನಚಿತ್ರದ ನೆಗೆಟಿವ್‌ಗಳ ಪ್ರತಿ ತೆಗೆಯುವ ಕೆಲಸಕ್ಕಾಗಿ. ಸ್ಥಿರಚಿತ್ರದವರು ಅದನ್ನು ತಮ್ಮದಾಗಿಸಿಕೊಂಡರು, ಇಂದಿಗೂ ಬಿಟ್ಟಿಲ್ಲ. ಸೂತ್ರ ಗುಟ್ಟಿನದಲ್ಲ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಅಷ್ಟೇ.

ನಾನು ಇದನ್ನು ಶಿಫಾರಸು ಮಾಡುವುದು ಇದು ಅತಿ ಸೂಕ್ಷ್ಮ ಕಣ ಕೊಡುತ್ತದೆ ಎಂದಲ್ಲ, ಅತಿ ಹರಿತವಾಗಿದೆ ಎಂದೂ ಅಲ್ಲ. ಕಣ, ಹರಿತ, ಫಿಲ್ಮಿನ ವೇಗ (ಬೆಳಕಿಗೆ ಸ್ಪಂದಿಸುವ ಶಕ್ತಿ) ಈ ಮೂರರಲ್ಲಿ ಯಾವುದನ್ನೂ ಬಲಿ ಕೊಡದೆ ನಡುವಿನಲ್ಲಿ ನಿಲ್ಲುತ್ತದೆ ಎಂಬ ಕಾರಣಕ್ಕೆ. ಪರ್ಸೆಪ್ಟಾಲ್ ಎಂಬ ಡೆವಲಪರ್ ಕಣವನ್ನು ಇನ್ನಷ್ಟು ನಯವಾಗಿಸುತ್ತದೆ, ಆದರೆ ವೇಗ ಕಸಿದುಕೊಳ್ಳುತ್ತದೆ. ಮೈಕ್ರೋಫೆನ್ ಎಂಬ ಇನ್ನೊಂದು ವೇಗ ಕೊಡುತ್ತದೆ, ಕಣ ತುಸು ಒರಟಾಗುತ್ತದೆ. ಡಿ-76ರಲ್ಲಿ ಕೈ ಕುದುರಿದ ಮೇಲೆಯೇ ಆ ವ್ಯತ್ಯಾಸಗಳು ನಿಮ್ಮ ಕಣ್ಣಿಗೆ ಕಾಣುತ್ತವೆ. ಇನ್ನೊಂದು ಲಾಭವಿದೆ. ಕಪ್ಪು-ಬಿಳುಪು ಫಿಲ್ಮ್ ತಯಾರಿಸುವ ಬಹುತೇಕ ಎಲ್ಲರೂ ತಮ್ಮ ಮಾಹಿತಿ ಪತ್ರದಲ್ಲಿ ಡಿ-76 ಅಥವಾ ಐಡಿ-11ರ ಸಮಯವನ್ನು ಕೊಟ್ಟೇ ಕೊಡುತ್ತಾರೆ. ಊಹಿಸಿಕೊಂಡು ಹೊರಡುವ ಪ್ರಸಂಗ ಬರುವುದಿಲ್ಲ.

ನಿಮ್ಮ ಎಚ್‌ಪಿ5 ಪ್ಲಸ್‌ಗೆ, ಐಎಸ್‌ಒ 400ರಲ್ಲಿ, 20 ಡಿಗ್ರಿಯಲ್ಲಿ, ಐಡಿ-11ಕ್ಕೆ ಇಲ್ಫೋರ್ಡ್ ಕೊಡುವ ಸಮಯ ಹೀಗಿದೆ: ಮೂಲ ದ್ರಾವಣವನ್ನೇ (ಪುಡಿ ಕರಗಿಸಿದ್ದು, ಮತ್ತೆ ನೀರು ಬೆರೆಸದೆ) ಬಳಸಿದರೆ ಏಳೂವರೆ ನಿಮಿಷ, 1+1ಕ್ಕೆ (ಒಂದು ಪಾಲು ದ್ರಾವಣ, ಒಂದು ಪಾಲು ನೀರು) 13 ನಿಮಿಷ, 1+3ಕ್ಕೆ 20 ನಿಮಿಷ. ನೀವು 1+1ರಿಂದ ಆರಂಭಿಸಿ.

ಹಳೆಯಲೆನ್ಸ್

ಬೆಳ್ಳಿಹರಳು ಅವರ ಮಾತನ್ನು ಗೌರವಿಸುತ್ತೇನೆ. ಆದರೆ ಪ್ರಶ್ನೆ ಕೇಳಿದವರು ತಿಂಗಳಿಗೆ ಒಂದೇ ರೋಲ್ ತೆಗೆಯುವವರು. ಡಿ-76ರ ಮೂಲ ದ್ರಾವಣ ತುಂಬಿದ ಬಾಟಲಿಯಲ್ಲಿ ಆರು ತಿಂಗಳು, ಅರ್ಧ ಖಾಲಿಯಾದ ಬಾಟಲಿಯಲ್ಲಿ ಎರಡೇ ತಿಂಗಳು ಎಂದು ತಯಾರಕರೇ ಹೇಳುತ್ತಾರೆ. ಅರ್ಧ ಲೀಟರ್ ಚರಂಡಿಗೆ ಹೋಗುವುದು ನಿಶ್ಚಿತ.

ರೊಡಿನಾಲ್ ಹಾಗಲ್ಲ. 1891ರಲ್ಲಿ ಮೊಮ್ಮೆ ಆಂಡ್ರೆಸೆನ್ ಪೇಟೆಂಟ್ ಪಡೆದ ಡೆವಲಪರ್ ಅದು, ಇಂದಿಗೂ ಬೇರೆ ಬೇರೆ ಹೆಸರುಗಳಲ್ಲಿ ತಯಾರಾಗುತ್ತಿದೆ. ಸಾಂದ್ರ ದ್ರಾವಣ ಕಾಫಿಯ ಬಣ್ಣಕ್ಕೆ ತಿರುಗಿದರೂ ಕೆಲಸ ಮಾಡುತ್ತದೆ. ಎಚ್‌ಪಿ5 ಪ್ಲಸ್‌ಗೆ 1+25ರಲ್ಲಿ 6 ನಿಮಿಷ, 1+50ರಲ್ಲಿ 11 ನಿಮಿಷ. 300 ಮಿ.ಲೀ. ಟ್ಯಾಂಕಿಗೆ 1+50ರಂತೆ ಆರು ಮಿ.ಲೀ. ಸಾಕು. ಸಿರಿಂಜಿನಲ್ಲಿ ಎಳೆದುಕೊಳ್ಳಿ, ನೀರಿಗೆ ಹಾಕಿ, ಬಳಸಿ, ಚೆಲ್ಲಿ. ಪುಡಿ ಕರಗಿಸುವ ಕೆಲಸವಿಲ್ಲ, ಬಾಟಲಿಗಳ ಸಾಲಿಲ್ಲ, ಹಳಸಿತೋ ಇಲ್ಲವೋ ಎಂಬ ಅನುಮಾನವಿಲ್ಲ. ಅಪರೂಪಕ್ಕೆ ಡೆವಲಪ್ ಮಾಡುವವರಿಗೆ ಇದಕ್ಕಿಂತ ನಂಬಿಕಸ್ಥ ಸಂಗಾತಿ ಬೇರೆ ಇಲ್ಲ.

ಬೆಳ್ಳಿಹರಳು

ಬಾಳಿಕೆಯ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು ಸರಿ. ಆದರೆ 35 ಮಿ.ಮೀ. ಗಾತ್ರದ 400 ವೇಗದ ಫಿಲ್ಮಿನಲ್ಲಿ, ಅದೂ ಮುಖಚಿತ್ರಕ್ಕೆ, ರೊಡಿನಾಲ್‌ನ ಕಣ ಎದ್ದು ಕಾಣುತ್ತದೆ. ಕೆನ್ನೆಯ ಮೇಲೆ, ಹಿನ್ನೆಲೆಯ ಬೂದು ಗೋಡೆಯ ಮೇಲೆ ಮರಳು ಎರಚಿದಂತೆ. ಕೆಲವರು ಅದನ್ನೇ ಬಯಸಿ ಬಳಸುತ್ತಾರೆ, ಅದು ಬೇರೆ ಮಾತು. ನೆರಳಿನ ವಿವರವೂ ಡಿ-76ರಷ್ಟು ಬರುವುದಿಲ್ಲ. ಹೆಚ್ಚು ಅಗಲದ 120 ಫಿಲ್ಮಿನಲ್ಲಿ, ಎಫ್‌ಪಿ4 ಅಥವಾ ಪ್ಯಾನ್ ಎಫ್‌ನಂತಹ ನಿಧಾನ ಫಿಲ್ಮಿನಲ್ಲಿ ರೊಡಿನಾಲ್ ಕೊಡುವ ಅಂಚಿನ ಹರಿತಕ್ಕೆ ನಾನೂ ಮನಸೋತಿದ್ದೇನೆ.

ಚೆಲ್ಲುವ ಪ್ರಶ್ನೆಗೆ ಉತ್ತರ ಬಾಟಲಿಯಲ್ಲೇ ಇದೆ. ಒಂದು ಲೀಟರ್ ದ್ರಾವಣವನ್ನು ಒಂದೇ ಬಾಟಲಿಯಲ್ಲಿ ಏಕೆ ಇಡಬೇಕು? 150 ಮಿ.ಲೀ.ನ ಆರು ಗಾಜಿನ ಬಾಟಲಿಗಳಿಗೆ ಕಂಠದವರೆಗೆ ತುಂಬಿ ಮುಚ್ಚಿ. 1+1ಕ್ಕೆ 150 ದ್ರಾವಣ, 150 ನೀರು, ಒಟ್ಟು 300. ಒಂದು ಬಾಟಲಿ ಒಂದು ರೋಲ್. ಉಳಿದ ಬಾಟಲಿಗಳ ಮುಚ್ಚಳ ತೆರೆಯುವುದೇ ಇಲ್ಲ, ಗಾಳಿ ಸೋಕುವುದಿಲ್ಲ. ತಿಂಗಳಿಗೊಂದು ರೋಲ್ ಎಂದರೆ ಸರಿಯಾಗಿ ಆರು ತಿಂಗಳು.

ಕೆಂಪುದೀಪ

ಪುಡಿಯ ಪೊಟ್ಟಣವನ್ನು ಅರ್ಧ ಮಾತ್ರ ಕರಗಿಸಿ ಉಳಿದದ್ದನ್ನು ಇಟ್ಟುಕೊಳ್ಳಬಹುದೇ?

ರಸಾಯನಪ್ರಿಯೆ

ದಯವಿಟ್ಟು ಬೇಡ, ಕೆಂಪುದೀಪ ಅವರೇ. ಪೊಟ್ಟಣದೊಳಗೆ ಎಲ್ಲ ಪುಡಿಗಳೂ ಸಮವಾಗಿ ಬೆರೆತಿರುತ್ತವೆ ಎಂಬ ಖಾತರಿಯಿಲ್ಲ. ಸಾಗಾಣಿಕೆಯಲ್ಲಿ ಅಲುಗಾಡಿ ಒಂದು ಮೇಲೆ, ಇನ್ನೊಂದು ಕೆಳಗೆ ಸೇರಿರಬಹುದು. ನೂರು ಗ್ರಾಂ ಸಲ್ಫೈಟ್‌ನ ನಡುವೆ ಎರಡೇ ಗ್ರಾಂ ಮೆಟಾಲ್ ಇರುವುದನ್ನು ನೆನಪಿಡಿ. ನಿಮ್ಮ ಅರ್ಧಕ್ಕೆ ಅದರಲ್ಲಿ ಎಷ್ಟು ಬಂತು ಎಂದು ತಿಳಿಯುವ ದಾರಿಯೇ ಇಲ್ಲ. ಇಡೀ ಪೊಟ್ಟಣವನ್ನು ಒಮ್ಮೆಗೇ ಕರಗಿಸಬೇಕು.

ಮಂದಬೆಳಕು ಅವರು "ಏಕೆ" ಎಂದು ಕೇಳಿರುವುದರಿಂದ ಈ ನಾಲ್ಕು ವಸ್ತುಗಳು ಏನು ಮಾಡುತ್ತವೆ ಎಂದು ಹೇಳುತ್ತೇನೆ. ಇದು ತಿಳಿದರೆ ಅರ್ಧ ಗೊಂದಲ ತಾನಾಗಿ ಕರಗುತ್ತದೆ.

ಬೆಳಕು ಬಿದ್ದ ಬೆಳ್ಳಿ ಹ್ಯಾಲೈಡ್ ಹರಳಿನ ಮೇಲೆ ಕೆಲವೇ ಬೆಳ್ಳಿ ಪರಮಾಣುಗಳ ಒಂದು ಚುಕ್ಕೆ ಮೂಡಿರುತ್ತದೆ. ಡೆವಲಪರ್ ಆ ಚುಕ್ಕೆಯ ಮೂಲಕ ಹರಳಿಗೆ ಎಲೆಕ್ಟ್ರಾನ್ ಕೊಡುತ್ತಾ ಇಡೀ ಹರಳನ್ನು ಬೆಳ್ಳಿಯಾಗಿಸುತ್ತದೆ. ಬೆಳಕು ಬೀಳದ ಹರಳನ್ನು, ಸಮಯ ಮಿತಿಯಲ್ಲಿದ್ದರೆ, ಹಾಗೆಯೇ ಬಿಡುತ್ತದೆ. ಈ ಕೆಲಸ ಮಾಡುವವರು ಮೆಟಾಲ್ ಮತ್ತು ಹೈಡ್ರೋಕ್ವಿನೋನ್. ಡಿ-76ರಷ್ಟು ಸೌಮ್ಯ ಕ್ಷಾರದಲ್ಲಿ, ಅಂದರೆ ಪಿಎಚ್ ಸುಮಾರು 8.5ರಲ್ಲಿ, ಹೈಡ್ರೋಕ್ವಿನೋನ್ ಒಂಟಿಯಾಗಿ ಹೆಚ್ಚೇನೂ ಮಾಡಲಾರದು. ಆದರೆ ಎಲೆಕ್ಟ್ರಾನ್ ಕೊಟ್ಟು ಬರಿದಾದ ಮೆಟಾಲನ್ನು ಅದು ಮತ್ತೆ ಕೆಲಸಕ್ಕೆ ಸಜ್ಜು ಮಾಡುತ್ತದೆ. ಎರಡೂ ಕೂಡಿದಾಗ ಆಗುವ ಕೆಲಸ ಪ್ರತ್ಯೇಕ ಕೆಲಸಗಳ ಮೊತ್ತಕ್ಕಿಂತ ಹೆಚ್ಚು. ಎರಡು ಗ್ರಾಂ ಮೆಟಾಲ್ ಸಾಕಾಗುವುದು ಈ ಜೋಡಿಯಿಂದಲೇ.

ಸೋಡಿಯಂ ಸಲ್ಫೈಟ್‌ಗೆ ಎರಡು ಹೊಣೆಗಳಿವೆ. ಗಾಳಿಯ ಆಮ್ಲಜನಕದಿಂದ ಡೆವಲಪರನ್ನು ಕಾಪಾಡುವುದು ಒಂದು. ಲೀಟರಿಗೆ 100 ಗ್ರಾಂನಷ್ಟು ದಟ್ಟವಾಗಿದ್ದಾಗ ಅದು ಬೆಳ್ಳಿ ಹ್ಯಾಲೈಡನ್ನು ಸ್ವಲ್ಪಮಟ್ಟಿಗೆ ಕರಗಿಸುತ್ತದೆ ಕೂಡ. ಕಣ ನಯವಾಗಿ ಕಾಣುವುದು ಅದರಿಂದ. 1+1 ಮಾಡಿದಾಗ ಸಲ್ಫೈಟ್ 50 ಗ್ರಾಂಗೆ ಇಳಿಯುತ್ತದೆ, ಕರಗಿಸುವಿಕೆ ಕಡಿಮೆಯಾಗುತ್ತದೆ, ಕಣ ತುಸು ಹೆಚ್ಚು ಕಂಡರೂ ಅಂಚುಗಳು ಚೊಕ್ಕವಾಗುತ್ತವೆ. ಮೂಲ ದ್ರಾವಣಕ್ಕೂ 1+1ಕ್ಕೂ ಇರುವ ನಿಜವಾದ ವ್ಯತ್ಯಾಸ ಇದು, ಬರೀ ಮಿತವ್ಯಯದ್ದಲ್ಲ. ಬೋರಾಕ್ಸ್ ಬೇಕಾದ ಕ್ಷಾರಗುಣ ಒದಗಿಸುತ್ತದೆ.

ನಿಧಾನಶಟರ್

ಡಿ-76 ಹಳೆಯದಾದಂತೆ ಬಲ ಕುಂದುವ ಬದಲು ಹೆಚ್ಚಾಗುತ್ತದೆ ಎಂದು ಕೇಳಿದ್ದೇನೆ. ನಿಜವೇ?

ರಸಾಯನಪ್ರಿಯೆ

ನಿಜ. ಹಳೆಯ ಸೂತ್ರದಲ್ಲಿ ಆ ದೋಷ ಇದೆ. ಗಾಳಿ ಸೋಕಿದ ಹೈಡ್ರೋಕ್ವಿನೋನ್ ಸಲ್ಫೈಟ್ ಜೊತೆ ಸೇರಿ ಬದಲಾಗುವಾಗ ಕ್ಷಾರ ಬಿಡುಗಡೆಯಾಗುತ್ತದೆ. ಎರಡು ಗ್ರಾಂ ಬೋರಾಕ್ಸ್‌ಗೆ ಆ ಏರಿಕೆಯನ್ನು ತಡೆಯುವ ಶಕ್ತಿಯಿಲ್ಲ. ಪಿಎಚ್ ಏರುತ್ತದೆ, ಅದೇ ಸಮಯಕ್ಕೆ ನೆಗೆಟಿವ್ ಮೊದಲಿಗಿಂತ ಗಟ್ಟಿಯಾಗಿ (ಹೆಚ್ಚು ಕಪ್ಪಾಗಿ) ಬರುತ್ತದೆ. ಇದನ್ನು ಸರಿಪಡಿಸಲೆಂದೇ ಡಿ-76ಡಿ ಎಂಬ ರೂಪ ಬಂತು: ಬೋರಾಕ್ಸ್ 8 ಗ್ರಾಂ, ಜೊತೆಗೆ ಬೋರಿಕ್ ಆಮ್ಲ 8 ಗ್ರಾಂ. ಸ್ವತಃ ತೂಗಿ ತಯಾರಿಸುವವರು ಇದನ್ನೇ ಮಾಡಿಕೊಳ್ಳುವುದು ಒಳ್ಳೆಯದು. ಎಲ್ಲ ಪದಾರ್ಥ ಸಿಗದಿದ್ದರೆ ಡಿ-23 ಇನ್ನೂ ಸರಳ. ಮೆಟಾಲ್ ಏಳೂವರೆ ಗ್ರಾಂ, ಸಲ್ಫೈಟ್ 100 ಗ್ರಾಂ, ನೀರು ಸೇರಿಸಿ ಒಂದು ಲೀಟರ್. ಎರಡೇ ವಸ್ತು, ಫಲಿತಾಂಶ ಮೃದು, ಮುಖಚಿತ್ರಕ್ಕೆ ಬಹಳ ಹೊಂದುತ್ತದೆ.

ತಯಾರಿಸುವಾಗ ಒಂದು ಎಚ್ಚರ. ಮೆಟಾಲ್ ದಟ್ಟ ಸಲ್ಫೈಟ್ ದ್ರಾವಣದಲ್ಲಿ ಕರಗುವುದಿಲ್ಲ. ಮೊದಲು ಸುಮಾರು 50 ಡಿಗ್ರಿಯ ಮುಕ್ಕಾಲು ಲೀಟರ್ ನೀರಿಗೆ ಒಂದು ಚಿಟಿಕೆ ಸಲ್ಫೈಟ್, ನಂತರ ಮೆಟಾಲ್. ಅದು ಪೂರ್ತಿ ಕರಗಿದ ಮೇಲೆ ಉಳಿದ ಸಲ್ಫೈಟ್, ಹೈಡ್ರೋಕ್ವಿನೋನ್, ಕೊನೆಗೆ ಬೋರಾಕ್ಸ್. ಆ ಮೊದಲ ಚಿಟಿಕೆ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಹೀರಿಕೊಂಡು ಮೆಟಾಲನ್ನು ಕಾಯುತ್ತದೆ. ಗಡಸು ನೀರಾದರೆ ಬಟ್ಟಿ ಇಳಿಸಿದ ನೀರನ್ನೇ ಬಳಸಿ, ಇಲ್ಲದಿದ್ದರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ.

ಕೈಗವಸು ಇಲ್ಲದೆ ಮುಟ್ಟಬೇಡಿ. ಮೆಟಾಲ್ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಒಮ್ಮೆ ಅಲರ್ಜಿ ಶುರುವಾದರೆ ಬಿಟ್ಟು ಹೋಗದು. ಅಂಥವರು ಮೆಟಾಲ್ ಬದಲು ಫೆನಿಡೋನ್ ಎಂಬ ವಸ್ತು ಇರುವ ಡೆವಲಪರ್‌ಗಳಿಗೆ ಹೋಗಬೇಕಾಗುತ್ತದೆ. ಪುಡಿ ತೂಗುವಾಗ ಮೂಗಿಗೆ ಮಾಸ್ಕ್ ಇರಲಿ. ಅಳತೆಯ ಪಾತ್ರೆಗಳು ಅಡುಗೆಮನೆಯವು ಆಗಿರಲೇಬಾರದು.

ಮಂದಬೆಳಕು

ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಧನ್ಯವಾದ. ಸಣ್ಣ ಬಾಟಲಿಗಳ ಉಪಾಯ ನನಗೆ ಹೇಳಿ ಮಾಡಿಸಿದಂತಿದೆ. ಉಳಿದಿರುವ ದೊಡ್ಡ ಚಿಂತೆ ಉಷ್ಣತೆಯದು. 28 ಡಿಗ್ರಿ ನೀರಿನಲ್ಲಿ ಏನು ಮಾಡಲಿ?

ನಾಲ್ಕುಮೂಲೆ

ಇದಕ್ಕೆ ನಾನು ಉತ್ತರಿಸುತ್ತೇನೆ, ನಾನಿರುವ ಕಡೆಯೂ ನೀರು ಬೆಚ್ಚಗೇ ಬರುತ್ತದೆ.

1+1 ಬಳಸುವುದರಲ್ಲಿ ಒಂದು ಅನುಕೂಲ ಅಡಗಿದೆ. ನಿಮ್ಮ ಮೂಲ ದ್ರಾವಣ 28 ಡಿಗ್ರಿ ಇದೆ ಎನ್ನಿ. ಅದಕ್ಕೆ ಸಮ ಪ್ರಮಾಣದಲ್ಲಿ 12 ಡಿಗ್ರಿಯ ನೀರು ಬೆರೆಸಿದರೆ ಮಿಶ್ರಣ 20 ಡಿಗ್ರಿಗೆ ಬಂದು ನಿಲ್ಲುತ್ತದೆ. ಫ್ರಿಜ್‌ನಲ್ಲಿ ಒಂದು ಬಾಟಲಿ ಬಟ್ಟಿ ಇಳಿಸಿದ ನೀರು ಇದ್ದರೆ ಸಾಕು. ಮಂಜುಗಡ್ಡೆಯನ್ನು ನೇರವಾಗಿ ಡೆವಲಪರಿಗೆ ಹಾಕಬೇಡಿ, ಅದು ಕರಗಿ ಪ್ರಮಾಣ ಕೆಡಿಸುತ್ತದೆ. ಟ್ಯಾಂಕನ್ನು 20 ಡಿಗ್ರಿ ನೀರು ತುಂಬಿದ ಅಗಲ ಪಾತ್ರೆಯಲ್ಲಿ ನಿಲ್ಲಿಸಿ. 13 ನಿಮಿಷ ಕೈಯಲ್ಲಿ ಹಿಡಿದು ತಿರುಗಿಸುತ್ತಿದ್ದರೆ ಅಂಗೈಯ ಶಾಖವೇ ಒಂದೆರಡು ಡಿಗ್ರಿ ಏರಿಸುತ್ತದೆ.

20ಕ್ಕೆ ಇಳಿಸುವುದು ಕಷ್ಟವಾದರೆ 24ರಲ್ಲಿ ಮಾಡಿ. ಒಂದು ಡಿಗ್ರಿ ಏರಿದಂತೆ ಸಮಯ ಶೇ 10ರ ಆಸುಪಾಸು ಕಡಿಮೆಯಾಗುತ್ತದೆ. 1+1ರ 13 ನಿಮಿಷ 24 ಡಿಗ್ರಿಗೆ ಸುಮಾರು 9 ನಿಮಿಷವಾಗುತ್ತದೆ. ಮೂಲ ದ್ರಾವಣದ ಏಳೂವರೆ ನಿಮಿಷವಾದರೋ ಐದರ ಹತ್ತಿರ ಬಂದುಬಿಡುತ್ತದೆ. ಐದಕ್ಕಿಂತ ಕಡಿಮೆ ಸಮಯಗಳಿಂದ ದೂರವಿರಿ. ಸುರಿಯಲು, ಹೊರಚೆಲ್ಲಲು ಹಿಡಿಯುವ ಸೆಕೆಂಡುಗಳೇ ಆಗ ದೊಡ್ಡ ಪಾಲಾಗಿ, ಆಕಾಶದಂತಹ ಬಯಲು ಭಾಗಗಳಲ್ಲಿ ಪಟ್ಟೆ ಮೂಡುತ್ತದೆ. ಬಿಸಿ ವಾತಾವರಣದಲ್ಲಿ ತೆಳು ದ್ರಾವಣ ವಾಸಿ ಎನ್ನುವುದು ಇದಕ್ಕೇ.

ಥರ್ಮಾಮೀಟರ್ ಅರ್ಧ ಡಿಗ್ರಿ ತಪ್ಪು ತೋರಿಸಿದರೂ ಪರವಾಗಿಲ್ಲ. ಪ್ರತಿ ಬಾರಿ ಅದೇ ಥರ್ಮಾಮೀಟರ್ ಇರಲಿ.

ಹಳೆಯಲೆನ್ಸ್

ಟ್ಯಾಂಕ್ ತಿರುಗಿಸುವ ವಿಷಯವನ್ನೂ ಹೇಳಿಬಿಡಿ. ಡೆವಲಪರ್ ಆಯ್ಕೆಗಿಂತ ಹೆಚ್ಚು ನೆಗೆಟಿವ್ ಕೆಡಿಸುವುದು ಅದೇ.

ಬೆಳ್ಳಿಹರಳು

ಖಂಡಿತ. ಇಲ್ಫೋರ್ಡ್ ಹೇಳುವುದು: ಮೊದಲ ಹತ್ತು ಸೆಕೆಂಡಿನಲ್ಲಿ ನಾಲ್ಕು ಬಾರಿ ತಲೆಕೆಳಗು ಮಾಡಿ, ಆಮೇಲೆ ಪ್ರತಿ ನಿಮಿಷದ ಆರಂಭದ ಹತ್ತು ಸೆಕೆಂಡಿನಲ್ಲಿ ನಾಲ್ಕು ಬಾರಿ. ಕೊಡಾಕ್‌ನ ಪದ್ಧತಿ ಅರ್ಧ ನಿಮಿಷಕ್ಕೊಮ್ಮೆ ಐದು ಸೆಕೆಂಡ್. ಎರಡೂ ಸರಿ. ಯಾರ ಸಮಯ ಪಟ್ಟಿ ಬಳಸುತ್ತೀರೋ ಅವರದೇ ಪದ್ಧತಿ ಬಳಸಿ, ಮುಂದೆಯೂ ಬದಲಿಸಬೇಡಿ. ಪ್ರತಿ ಸುತ್ತಿನ ನಂತರ ಟ್ಯಾಂಕಿನ ತಳವನ್ನು ಮೇಜಿನ ಮೇಲೆ ಮೆಲ್ಲಗೆ ತಟ್ಟಿ. ಫಿಲ್ಮಿಗೆ ಅಂಟಿದ ಗುಳ್ಳೆಗಳು ಬಿಡುತ್ತವೆ. ಉದ್ವೇಗದಲ್ಲಿ ಕುಲುಕಬೇಡಿ. ರಭಸದಿಂದ ಕುಲುಕಿದರೆ ಫಿಲ್ಮಿನ ಅಂಚಿನಲ್ಲಿರುವ ಹಲ್ಲಿನ ತೂತುಗಳ ಮೂಲಕ ದ್ರಾವಣ ನುಗ್ಗಿ, ತೂತುಗಳ ಎದುರಿನ ಜಾಗ ಹೆಚ್ಚು ಗಟ್ಟಿಯಾಗುತ್ತದೆ.

ನಿಧಾನಶಟರ್

ಅಲುಗಿಸದೆಯೇ ಮಾಡುವ ವಿಧಾನವೂ ಇದೆಯಲ್ಲ? ರೊಡಿನಾಲ್ 1+100, ಒಂದು ಗಂಟೆ ಸುಮ್ಮನೆ ಇಟ್ಟುಬಿಡುವುದು. ಉಷ್ಣತೆ, ಸಮಯ ಯಾವುದರ ಚಿಂತೆಯೂ ಇಲ್ಲ. ಹೊಸಬರಿಗೆ ಅದೇ ಸುಲಭವಲ್ಲವೇ?

ಬೆಳ್ಳಿಹರಳು

ಇದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ತೆಳು ದ್ರಾವಣ ಅಲುಗಾಡದೆ ನಿಂತಾಗ ಹೆಚ್ಚು ಬೆಳಕು ಬಿದ್ದ ಭಾಗದ ಬಳಿ ಡೆವಲಪರ್ ಬೇಗ ಬರಿದಾಗುತ್ತದೆ, ನೆರಳಿನ ಬಳಿ ಕೆಲಸ ಮುಂದುವರಿಯುತ್ತದೆ. ವೈದೃಶ್ಯ (ಬೆಳಕು-ನೆರಳಿನ ಅಂತರ) ಹೆಚ್ಚಿರುವ ದೃಶ್ಯವನ್ನು ಪಳಗಿಸಲು ಅದು ಅರ್ಥಪೂರ್ಣ ಉಪಾಯ. ಆದರೆ ಡೆವಲಪ್ ಆಗುವಾಗ ಬಿಡುಗಡೆಯಾಗುವ ಬ್ರೋಮೈಡ್ ಫಿಲ್ಮಿನ ಮೇಲೆ ಕೆಳಮುಖವಾಗಿ ಇಳಿಯುತ್ತದೆ, ಇಳಿದ ದಾರಿಯಲ್ಲೆಲ್ಲ ಡೆವಲಪರನ್ನು ತಡೆಯುತ್ತದೆ. 35 ಮಿ.ಮೀ. ಫಿಲ್ಮಿನಲ್ಲಿ ಹಲ್ಲಿನ ತೂತುಗಳಿಂದ ಹೊರಟ ಗೆರೆಗಳಾಗಿ ಅದು ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಅಳಿಸಲು ಸಾಧ್ಯವೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಎಲ್ಲವನ್ನೂ ಒಂದು ಗಂಟೆ ಇಟ್ಟುಬಿಟ್ಟರೆ ಸಮಯ ಬದಲಿಸಿದಾಗ ಏನಾಗುತ್ತದೆ ಎಂದು ಕಲಿಯುವುದೇ ಇಲ್ಲ. ಮಂದಬೆಳಕು ಅವರಿಗೆ ಈಗ ಬೇಕಾದದ್ದು ಆ ಕಲಿಕೆ.

ಹಳೆಯಲೆನ್ಸ್

ಈ ವಿಷಯದಲ್ಲಿ ನಾನೂ ಬೆಳ್ಳಿಹರಳು ಅವರ ಪಕ್ಷ. ರೊಡಿನಾಲನ್ನು 1+50ರಲ್ಲಿ ನಿಯಮಿತವಾಗಿ ತಿರುಗಿಸಿ ಬಳಸಿದವರಿಗೆ ಅದರ ನಿಜವಾದ ಗುಣ ಗೊತ್ತಾಗುತ್ತದೆ.

ಕೆಂಪುದೀಪ

ಎಚ್‌ಸಿ-110 ಮತ್ತು ಎಕ್ಸ್‌ಟಾಲ್ ಬಗ್ಗೆ ಯಾರೂ ಮಾತೇ ಆಡಲಿಲ್ಲ.

ನಾಲ್ಕುಮೂಲೆ

ಎಚ್‌ಸಿ-110 ಕೊಡಾಕ್‌ನ ಸಾಂದ್ರ ದ್ರಾವಣ, 1960ರ ದಶಕದಿಂದ ಬಳಕೆಯಲ್ಲಿದೆ. ಹೆಚ್ಚು ಪ್ರಚಲಿತವಾದದ್ದು ಬಿ ಪ್ರಮಾಣ, ಅಂದರೆ 1+31. ಎಚ್‌ಪಿ5 ಪ್ಲಸ್‌ಗೆ 20 ಡಿಗ್ರಿಯಲ್ಲಿ ಐದು ನಿಮಿಷ. ನೋಟದಲ್ಲಿ ಡಿ-76ಕ್ಕೆ ಹತ್ತಿರ, ಬಳಕೆಯ ಸುಲಭದಲ್ಲಿ ರೊಡಿನಾಲ್‌ಗೆ ಹತ್ತಿರ. ಪುಡಿ ಕರಗಿಸುವುದು ಬೇಡವೇ ಬೇಡ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಐದು ನಿಮಿಷ ಎಂಬುದು ಬೆಚ್ಚಗಿನ ನೀರಿಗೆ ತೀರಾ ಕಡಿಮೆ. ಅದಕ್ಕೇ ಹಲವರು 1+63 ಮಾಡಿ ಸಮಯವನ್ನು ದುಪ್ಪಟ್ಟು ಮಾಡಿಕೊಳ್ಳುತ್ತಾರೆ. ತಯಾರಕರ ಪಟ್ಟಿಯಲ್ಲಿಲ್ಲದ ಪ್ರಮಾಣವಾದ್ದರಿಂದ ಪರೀಕ್ಷೆ ಮಾಡಿಯೇ ಒಪ್ಪಿಕೊಳ್ಳಬೇಕು.

ಎಕ್ಸ್‌ಟಾಲ್ 1996ರಲ್ಲಿ ಬಂದದ್ದು. ಮೆಟಾಲ್ ಇಲ್ಲ, ಹೈಡ್ರೋಕ್ವಿನೋನ್ ಇಲ್ಲ. ಸಿ ಜೀವಸತ್ವದ ಸೋದರ ಸಂಯುಕ್ತ ಮತ್ತು ಫೆನಿಡೋನ್ ವರ್ಗದ ವಸ್ತು ಅದರ ಜೀವಾಳ. ಕಣ, ಹರಿತ, ವೇಗ ಮೂರರಲ್ಲೂ ಡಿ-76ಗಿಂತ ಒಂದು ಕೂದಲೆಳೆ ಮುಂದೆ ಎಂದು ನಾನು ಒಪ್ಪುತ್ತೇನೆ. ತೊಂದರೆ ಎರಡು. ಪೊಟ್ಟಣ ಐದು ಲೀಟರಿನದು, ತಿಂಗಳಿಗೊಂದು ರೋಲ್ ತೆಗೆಯುವವರಿಗೆ ಅತಿಯಾಯಿತು. ಮತ್ತೆ, ಕೆಟ್ಟುಹೋದಾಗ ಬಣ್ಣ ಬದಲಿಸಿ ಎಚ್ಚರಿಸುವುದಿಲ್ಲ. ನೀರಿನಂತೆ ತಿಳಿಯಾಗಿಯೇ ಇದ್ದು ಫಿಲ್ಮನ್ನು ಖಾಲಿ ಬಿಡುತ್ತದೆ.

ಯಾವ ಡೆವಲಪರ್ ಆದರೂ, ಅನುಮಾನ ಬಂದಾಗ ಬೆಳಕಿನಲ್ಲೇ ಒಂದು ಪರೀಕ್ಷೆ ಮಾಡಿ. ಕ್ಯಾಮೆರಾಗೆ ತುಂಬುವಾಗ ಕತ್ತರಿಸಿದ ಫಿಲ್ಮಿನ ಬಾಲವನ್ನು ಎಸೆಯದೆ ಇಟ್ಟುಕೊಳ್ಳಿ. ಸಿದ್ಧವಾದ ದ್ರಾವಣದಲ್ಲಿ ಅದರ ಒಂದು ತುಂಡು ಅದ್ದಿದರೆ ಕೆಲವು ನಿಮಿಷಗಳಲ್ಲಿ ಕಡುಗಪ್ಪಾಗಬೇಕು. ಬೂದು ಬಣ್ಣದಲ್ಲೇ ನಿಂತರೆ ಆ ಬಾಟಲಿ ಚೆಲ್ಲಿ. ಅದೇ ಬಾಲದ ಇನ್ನೊಂದು ತುಂಡು ಫಿಕ್ಸರ್ ಪರೀಕ್ಷೆಗೂ ಆಗುತ್ತದೆ: ಡೆವಲಪ್ ಮಾಡದ ತುಂಡು ಪೂರ್ತಿ ತಿಳಿಯಾಗಲು ಎಷ್ಟು ಹೊತ್ತಾಯಿತೋ ಅದರ ಎರಡರಷ್ಟು ಕಾಲ ಫಿಲ್ಮನ್ನು ಫಿಕ್ಸರ್‌ನಲ್ಲಿಡಿ.

ನಿಧಾನಶಟರ್

150 ಮಿ.ಲೀ. ಮೂಲ ದ್ರಾವಣ 36 ಚಿತ್ರಗಳ ರೋಲಿಗೆ ಸಾಕಾಗುತ್ತದೆಯೇ? ನೀರು ಬೆರೆಸಿದ ಮೇಲೆ ದ್ರಾವಣ ದಣಿಯುವುದಿಲ್ಲವೇ?

ರಸಾಯನಪ್ರಿಯೆ

ಒಳ್ಳೆಯ ಪ್ರಶ್ನೆ. ಡಿ-76 1+1ರ ಬಗ್ಗೆ ಕೊಡಾಕ್ ಹೇಳುವುದು ಹೀಗೆ: 36 ಚಿತ್ರಗಳ ಒಂದು ರೋಲಿಗೆ 473 ಮಿ.ಲೀ. ಸಿದ್ಧ ದ್ರಾವಣ ಉತ್ತಮ, 237 ಮಿ.ಲೀ.ನಲ್ಲೇ ಮಾಡುವುದಾದರೆ ಸಮಯವನ್ನು ಶೇ 10 ಹೆಚ್ಚಿಸಿ. ನಿಮ್ಮ 300 ಇವೆರಡರ ನಡುವೆ ಬೀಳುತ್ತದೆ. ಸಾಧಾರಣ ದೃಶ್ಯಗಳಾದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಇಡೀ ರೋಲಿನಲ್ಲಿ ಬಿಳಿ ಆಕಾಶ, ಬಿಳಿ ಗೋಡೆ ತುಂಬಿದ್ದರೆ ಡೆವಲಪರ್ ಹೆಚ್ಚು ಖರ್ಚಾಗುತ್ತದೆ. ಅರ್ಧದಿಂದ ಒಂದು ನಿಮಿಷ ಸೇರಿಸಿ. 1+1 ದ್ರಾವಣವನ್ನು ಒಮ್ಮೆ ಬಳಸಿ ಚೆಲ್ಲಲೇಬೇಕು, ಮತ್ತೆ ಬಾಟಲಿಗೆ ಹಾಕುವ ಮಾತಿಲ್ಲ. ಬಳಸಿದ ಫಿಕ್ಸರ್‌ನಲ್ಲಿ ಬೆಳ್ಳಿ ಇರುತ್ತದೆ. ಅದನ್ನು ಡೆವಲಪರಿನಂತೆ ಸಿಂಕಿಗೆ ಸುರಿಯದೆ ಪ್ರತ್ಯೇಕವಾಗಿ ಸಂಗ್ರಹಿಸಿ ರಾಸಾಯನಿಕ ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ.

ಮಂದಬೆಳಕು

ಐಡಿ-11 ತಂದು ಕರಗಿಸಿ ಬಾಟಲಿಗಳಿಗೆ ತುಂಬಿದೆ. ಮೊದಲ ರೋಲ್ ಒಣಗಿದೆ. 1+1, 20 ಡಿಗ್ರಿ, 13 ನಿಮಿಷ, ಇಲ್ಫೋರ್ಡ್ ಪದ್ಧತಿಯಂತೆ ತಿರುಗಿಸಿದೆ. ಒದ್ದೆ ಫಿಲ್ಮನ್ನು ರೀಲಿನಿಂದ ಬಿಚ್ಚಿ ಬೆಳಕಿಗೆ ಹಿಡಿದಾಗ ಆದ ಸಂತೋಷವನ್ನು ನಿಮ್ಮೆಲ್ಲರ ಜೊತೆ ಹಂಚಿಕೊಳ್ಳಲೇಬೇಕು. ಹೊರಗೆ ತೆಗೆದ ಚಿತ್ರಗಳು ತುಂಬಾ ಚೆನ್ನಾಗಿವೆ. ಕಿಟಕಿಯ ಪಕ್ಕ ತೆಗೆದ ಕೆಲವು ಮುಖಚಿತ್ರಗಳಲ್ಲಿ ಮಾತ್ರ ಕೂದಲು, ಕಪ್ಪು ಬಟ್ಟೆ ಇರುವ ಜಾಗದಲ್ಲಿ ನೆಗೆಟಿವ್ ಪೂರ್ತಿ ಬರಿದಾಗಿದೆ. ಇನ್ನೂ ಹೆಚ್ಚು ಹೊತ್ತು ಡೆವಲಪ್ ಮಾಡಬೇಕಿತ್ತೇ? ಅಥವಾ ಡೆವಲಪರ್ ಬದಲಿಸಬೇಕೇ?

ಬೆಳ್ಳಿಹರಳು

ಅಭಿನಂದನೆಗಳು! ಮೊದಲು ಫಿಲ್ಮಿನ ಅಂಚು ನೋಡಿ. ಅಲ್ಲಿ ತಯಾರಕರು ಮುದ್ರಿಸಿದ ಹೆಸರು ಮತ್ತು ಸಂಖ್ಯೆಗಳು ಇರುತ್ತವೆ. ಅವಕ್ಕೆ ಬೆಳಕು ಬಿದ್ದದ್ದು ಕಾರ್ಖಾನೆಯಲ್ಲಿ, ನಿಮ್ಮ ಕ್ಯಾಮೆರಾಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಅಕ್ಷರಗಳು ಮಸುಕಾಗಿದ್ದರೆ ಡೆವಲಪ್ ಕಡಿಮೆಯಾಗಿದೆ. ಅವು ದಟ್ಟವಾಗಿ ಸ್ಪಷ್ಟವಾಗಿದ್ದು ಚಿತ್ರದ ನೆರಳು ಮಾತ್ರ ಖಾಲಿ ಇದ್ದರೆ ಕ್ಯಾಮೆರಾದಲ್ಲಿ ಬೆಳಕು ಸಾಲದಾಗಿದೆ. ಹೊರಗಿನ ಚಿತ್ರಗಳು ಚೆನ್ನಾಗಿ ಬಂದಿವೆ ಎಂದಿರಿ, ಹಾಗಾದರೆ ಎರಡನೆಯದೇ ಇರಬೇಕು.

ಮಂದಬೆಳಕು

ಹೌದು, ಅಂಚಿನ ಅಕ್ಷರಗಳು ಕಪ್ಪಗೆ ಸ್ಪಷ್ಟವಾಗಿವೆ.

ಬೆಳ್ಳಿಹರಳು

ಹಾಗಿದ್ದರೆ ಡೆವಲಪರ್ ತನ್ನ ಕೆಲಸ ಮಾಡಿದೆ, ಅದನ್ನು ಮುಟ್ಟಬೇಡಿ. ಬೆಳಕೇ ಬೀಳದ ಜಾಗಕ್ಕೆ ಯಾವ ಡೆವಲಪರೂ ವಿವರ ತಂದುಕೊಡಲಾರದು. ಸಮಯ ಹೆಚ್ಚಿಸಿದರೆ ಕಿಟಕಿಯ ಕಡೆಯ ಕೆನ್ನೆ ಇನ್ನಷ್ಟು ಗಟ್ಟಿಯಾಗುತ್ತದೆ, ಕೂದಲು ಹಾಗೆಯೇ ಬರಿದಾಗಿರುತ್ತದೆ. ನೆರಳಿಗೆ ಎಕ್ಸ್‌ಪೋಶರ್, ಬೆಳಕಿಗೆ ಡೆವಲಪ್‌ಮೆಂಟ್ ಎಂದು ಹಳಬರು ಹೇಳುತ್ತಿದ್ದದ್ದು ಇದನ್ನೇ.

ಮುಂದಿನ ರೋಲಿನಲ್ಲಿ ಕಿಟಕಿ ಬೆಳಕಿನ ಚಿತ್ರಗಳಿಗೆ ಬೆಳಕಳೆಯುವ ಮೀಟರನ್ನು ಮುಖದ ನೆರಳಿನ ಭಾಗಕ್ಕೆ ಹಿಡಿದು ಓದಿ, ಅಥವಾ ಮೀಟರಿನ ವೇಗವನ್ನು 200ಕ್ಕೆ ಇಡಿ. ಇಡೀ ರೋಲ್ ಅಂಥದೇ ಬೆಳಕಿನದಾದರೆ ಡೆವಲಪ್ ಸಮಯವನ್ನು ಶೇ 15ರಷ್ಟು ಇಳಿಸಿ, 13ರ ಬದಲು 11 ನಿಮಿಷ. ನೆರಳು ತುಂಬಿಕೊಳ್ಳುತ್ತದೆ, ಕೆನ್ನೆ ಹಿಡಿತದಲ್ಲಿರುತ್ತದೆ. ಹೀಗೆ ಒಂದೇ ಫಿಲ್ಮ್, ಒಂದೇ ಡೆವಲಪರ್ ಇಟ್ಟುಕೊಂಡು ಒಂದು ಬಾರಿಗೆ ಒಂದನ್ನೇ ಬದಲಿಸಿ ನೋಡುತ್ತಾ ಹೋಗಿ. ಪ್ರತಿ ರೋಲಿನ ದಿನಾಂಕ, ಪ್ರಮಾಣ, ಉಷ್ಣತೆ, ಸಮಯವನ್ನು ನೆಗೆಟಿವ್ ಹಾಳೆಯ ಮೇಲೆಯೇ ಬರೆದಿಡಿ. ಐದು ಡೆವಲಪರ್‌ಗಳನ್ನು ಒಂದೊಂದು ಸಲ ಬಳಸಿದವರಿಗೆ ಈ ತಿಳಿವಳಿಕೆ ಬಂದದ್ದನ್ನು ನಾನು ಕಂಡಿಲ್ಲ.

ಹಳೆಯಲೆನ್ಸ್

ಒಂದು ಸೇರ್ಪಡೆ. ಸ್ಕ್ಯಾನ್‌ಗೆ ಸ್ವಲ್ಪ ತೆಳುವಾದ ನೆಗೆಟಿವ್ ಅನುಕೂಲ, ದಟ್ಟ ಭಾಗಗಳನ್ನು ಸ್ಕ್ಯಾನರ್ ಭೇದಿಸಲು ತಿಣುಕುತ್ತದೆ. ಮುಂದೆ ಎನ್‌ಲಾರ್ಜರ್ ಬಂದಾಗ ಅದು ಕಂಡೆನ್ಸರ್ ಮಾದರಿಯದೋ (ಮಸೂರದಿಂದ ಬೆಳಕನ್ನು ಒಟ್ಟುಗೂಡಿಸುವುದು) ಡಿಫ್ಯೂಸರ್ ಮಾದರಿಯದೋ (ಬೆಳಕನ್ನು ಚದುರಿಸುವುದು) ನೋಡಿಕೊಳ್ಳಿ. ಕಂಡೆನ್ಸರ್‌ನಲ್ಲಿ ಅದೇ ನೆಗೆಟಿವ್ ಹೆಚ್ಚು ವೈದೃಶ್ಯದಿಂದ ಪ್ರಿಂಟ್ ಆಗುತ್ತದೆ. ಆದ್ದರಿಂದ 11 ನಿಮಿಷದ ನೆಗೆಟಿವ್‌ಗಳು ಎರಡು ಕಡೆಗೂ ಒದಗುತ್ತವೆ.

ಕೆಂಪುದೀಪ

ಬೆಳಕು ತೀರಾ ಕಡಿಮೆಯಿರುವಾಗ ಎಚ್‌ಪಿ5 ಪ್ಲಸ್ ಅನ್ನು ಐಎಸ್‌ಒ 1600ರ ಫಿಲ್ಮ್ ಎಂದುಕೊಂಡು ಕಡಿಮೆ ಬೆಳಕು ಕೊಟ್ಟು ತೆಗೆದರೆ ಇದೇ ಐಡಿ-11 ನಡೆಯುತ್ತದೆಯೇ?

ನಾಲ್ಕುಮೂಲೆ

ನಡೆಯುತ್ತದೆ, ಆದರೆ ಆಗ 1+1 ಬೇಡ, ಮೂಲ ದ್ರಾವಣವನ್ನೇ ಬಳಸಿ. ಇಲ್ಫೋರ್ಡ್ ಪಟ್ಟಿಯಂತೆ 800ಕ್ಕೆ ಹತ್ತೂವರೆ ನಿಮಿಷ, 1600ಕ್ಕೆ 14 ನಿಮಿಷ, 20 ಡಿಗ್ರಿಯಲ್ಲಿ. ನೆರಳು ಖಾಲಿಯಾಗುವುದು ಖಚಿತ, ಮುಖ ಉಳಿಯುತ್ತದೆ. ಮೇಲೆ ಹೇಳಿದ 150 ಮಿ.ಲೀ. ಬಾಟಲಿಗಳಲ್ಲಿ ಎರಡು ಬೇಕಾಗುತ್ತವೆ. ಪದೇ ಪದೇ 1600ರಲ್ಲೇ ತೆಗೆಯುವುದಾದರೆ ಮೈಕ್ರೋಫೆನ್ ತಂದಿಟ್ಟುಕೊಳ್ಳಿ.